ಮೊಮ್ಮಗಳ ಫೋನಿನಲ್ಲಿ ಚೀರಿದವನು

ಫೋನ್ ಕಿವಿಗಿಡುತ್ತಲೇ ಯಾರೋ ಗಂಡಸು ಚೀರಿದ. ನಾನು ಹಚ್ಚಿದ್ದು ಹುಮನಾಬಾದಿನ ಹಾಸ್ಟೆಲಿನಲ್ಲಿರುವ ಮೊಮ್ಮಗಳಿಗೆ. ಮತ್ತೆ ಹಚ್ಚಿದರೂ ಅದೇ ಚೀರಾಟ, ಅವಳ ದನಿಯಿಲ್ಲ. ಹಿಂದಿನ ದಿನ ಊರಲ್ಲಿ ಭಜನೆಗೆ ಕುಳಿತಾಗ, ರಜೆಗೆ ಬಂದಿದ್ದ ಅವಳ ಕಿವಿಯಲ್ಲಿ ಇಯರ್‌ಫೋನ್ ಕಂಡು, ಎಲ್ಲರೆದುರು ಬೈದು ಬಸ್ಸು ಹತ್ತಿಸಿದವನು ನಾನೇ. ಬಸವಕಲ್ಯಾಣದಿಂದ ಸಿಕ್ಕ ಬಸ್ಸಿಗೆ ಹೊರಟೆ.

ಹಾಸ್ಟೆಲಿನ ಗೇಟಿಗೆ ಅವಳೇ ಬಂದಳು.

“ಅದು ಕಾಲರ್ ಟ್ಯೂನ್ ಅದ ಮುತ್ಯಾ! ವೇಲ್ಸ್ ದೇಶದ ರಾಕ್ ಬ್ಯಾಂಡಿಂದು ಹೊಸಾ ಹಾಡು. ಭಜನ್ಯಾಗ ನೀ ಇದಕಿಂತ ಜೋರ್ ಒದರ್ತಿ.”

“ಮತ್ತ ಫೋನ್ ಯಾಕ ಎತ್ತಲಿಲ್ಲವ್ವಾ?”

“ಮಂದಿ ಮುಂದ ಬೈದಿದ್ದಿ. ಸಿಟ್ಟು ಬಂದಿತ್ತು.”

“ತಪ್ಪಾಯ್ತವ್ವಾ” ಎಂದೆ.

ಆ ಹಾಡನ್ನು ಅವಳು ಇನ್ನೂ ಬದಲಿಸಿಲ್ಲ. ಹಾಡೆಂದು ಗೊತ್ತಿದ್ದರೂ, ಚೀರಾಟ ನಿಂತು “ಹೇಳು ಮುತ್ಯಾ” ಎಂಬ ದನಿ ಬರುವವರೆಗೆ ನನಗೆ ಜೀವದಲ್ಲಿ ಜೀವವಿರುವುದಿಲ್ಲ.