ಅಕ್ಕಿ ಚೀಲದ ಮೇಲೆ ಹತ್ತಿದ ಏರು

ಟೈರಿನಲ್ಲೂ ಬೇಸಿಗೆಯದು ಬೇರೆ, ಚಳಿಗಾಲದ್ದು ಬೇರೆ ಎಂದು ನನಗೆ ತಿಳಿದದ್ದು ನಲವತ್ತಮೂರನೆಯ ವಯಸ್ಸಿನಲ್ಲಿ, ಅಮೆರಿಕದ ಡರ್ಹಮ್‌ನ ಒಂದು ಏರುರಸ್ತೆಯ ಬುಡದಲ್ಲಿ. ತಿಳಿಸಬೇಕಾದವರು ಮೂರು ತಿಂಗಳು ಮೊದಲೇ ತಿಳಿಸಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ, ಅಷ್ಟೆ.

ಅಕ್ಟೋಬರ್‌ನಲ್ಲಿ ನಮ್ಮ ಕೆಂಪು ಕಾರನ್ನು ಆಯಿಲ್ ಚೇಂಜಿಗೆ ಒಯ್ದಿದ್ದೆ. ಅದು ನಮ್ಮ ಮನೆಯವರ ಆಸೆಯ ಕಾರು. ಊರಿಗೆ ವಾಪಸಾಗುತ್ತಿದ್ದ ಆಫೀಸಿನ ಗೆಳೆಯರೊಬ್ಬರಿಂದ ಕೊಂಡದ್ದು. ನೆಲಕ್ಕೆ ಅಂಟಿಕೊಂಡಂತಿರುತ್ತದೆ; ಒಳಗೆ ಕೂತರೆ ಊಟದ ಮಣೆಯ ಮೇಲೆ ಕೂತ ಹಾಗೆ. ಅಂಗಡಿಯ ಗಡ್ಡದ ಮನುಷ್ಯ ಎಣ್ಣೆಗೈ ಒರೆಸಿಕೊಳ್ಳುತ್ತ ಬಂದು, ಇವು ಬೇಸಿಗೆಯ ಟೈರುಗಳು, ಚಳಿಗೆ ರಬ್ಬರ್ ಗಟ್ಟಿಯಾಗಿಬಿಡುತ್ತದೆ, ಹಿಮದಲ್ಲಂತೂ ಹಿಡಿತವೇ ಇರುವುದಿಲ್ಲ, ಎಲ್ಲ ಕಾಲಕ್ಕೂ ಆಗುವಂಥವನ್ನು ಹಾಕಿಸಿಕೊಳ್ಳಿ ಎಂದ. ಬೇಸಿಗೆಯ ಟೈರಂತೆ! ಬೆಂಗಳೂರಿನಲ್ಲಿ ನಮ್ಮಪ್ಪನ ಸ್ಕೂಟರಿಗೆ ಸವೆದ ಟೈರು, ಸವೆಯದ ಟೈರು ಎಂಬ ಎರಡೇ ಜಾತಿ ಇದ್ದವು.

ಈ ದೇಶದಲ್ಲಿ ಆಯಿಲ್ ಚೇಂಜಿಗೆ ಹೋದವರನ್ನು ಬರೀ ಆಯಿಲ್ ಬದಲಿಸಿ ಕಳಿಸುವುದಿಲ್ಲ. ಒಂದು ಸಲ ಫಿಲ್ಟರ್ ಅನ್ನುತ್ತಾರೆ, ಇನ್ನೊಂದು ಸಲ ಬೆಲ್ಟ್ ಅನ್ನುತ್ತಾರೆ. ಮನೆಯವರು ಮೊದಲೇ ಪಾಠ ಹೇಳಿಕೊಟ್ಟಿದ್ದರು: "ಅವ್ರು ಏನ್ ಹೇಳಿದ್ರೂ ನೋ ಥ್ಯಾಂಕ್ಸ್ ಅನ್ನು. ಆರ್ಗ್ಯೂ ಮಾಡಕ್ಕೆ ಹೋಗ್ಬೇಡ, ತಲೆ ತಿಂದ್ಬಿಡ್ತಾರೆ." ಹಾಗೇ ಮಾಡಿದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಮೆತ್ತಗೆ ನಕ್ಕು, "ನೋ, ಥ್ಯಾಂಕ್ ಯೂ ಸೋ ಮಚ್" ಎಂದೆ. ಆತ ಭುಜ ಕುಣಿಸಿ ಹೋದ. ಆ ವರ್ಷವೆಲ್ಲ ನಾನು ಬಾಯಿಬಿಟ್ಟು ಬೇಡ ಎಂದದ್ದು ಬಹುಶಃ ಆತನೊಬ್ಬನಿಗೆ.

ಉಳಿದವರಿಗೆಲ್ಲ ಆಗಲಿ, ಆಗಲಿ. ಕೋವಿಡ್‌ನ ಭಯ ಇಳಿದ ಮೇಲೆ ಮನೆಯವರ ಪ್ರಾಜೆಕ್ಟ್ ಅಟ್ಲಾಂಟಾಕ್ಕೆ ಹೋಯಿತು. ಭಾನುವಾರ ಮಧ್ಯಾಹ್ನ ದೊಡ್ಡ ಗಾಡಿ ತೆಗೆದುಕೊಂಡು ಹೊರಟರೆ ಗುರುವಾರ ಬರುತ್ತಿದ್ದರು. ಅಲ್ಲಿನ ಸುವಾನಿಯಲ್ಲಿ ಗೆಳೆಯರ ಮನೆಯ ಬೇಸ್‌ಮೆಂಟಿನಲ್ಲಿ ವಾಸ. ಡರ್ಹಮ್ ಪಕ್ಕದ ಮಾರಿಸ್‌ವಿಲ್‌ನ ಟೌನ್‌ಹೌಸಿನಲ್ಲಿ ನಾನು, ಮೂರನೇ ಗ್ರೇಡಿನ ಮಗಳು, ಈ ಕೆಂಪು ಕಾರು. ದೇವಸ್ಥಾನದ ಅಡುಗೆಮನೆ ಸೇವೆಗೂ ನಾನೇ, ಕನ್ನಡ ಶಾಲೆಯ ಮಕ್ಕಳ ತಿಂಡಿಗೂ ನಾನೇ. "ನೀವು ಮನೇಲೇ ಇರ್ತೀರಲ್ಲ" ಎಂದು ಯಾರಾದರೂ ಶುರು ಮಾಡಿದರೆ ಮುಂದಿನ ಮಾತು ಕೇಳುವ ಮೊದಲೇ ನನ್ನ ಸೊಂಟ ನೋಯುತ್ತಿತ್ತು.

ಡಾಕ್ಟರ್ ಆಂಟಿಯೂ ನನಗೆ ಬಂದದ್ದು ಹೀಗೆಯೇ. ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಬಂದು, ಬಫೆಲೊದಲ್ಲಿ ಅರಿವಳಿಕೆ ವೈದ್ಯೆಯಾಗಿ ಕಲಿತು, ಡರ್ಹಮ್‌ನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅಂಕಲ್ ಹೋಗಿ ಕೆಲವು ವರ್ಷಗಳಾಗಿದ್ದವು. ಆಂಟಿಯ ಎರಡೂ ಕಿಡ್ನಿಗಳು ಕೈಕೊಟ್ಟು, ವಾರಕ್ಕೆ ಮೂರು ದಿನ ಡಯಾಲಿಸಿಸ್. ಕ್ಯಾಲಿಫೋರ್ನಿಯಾದ ಮಗ ಬಂದು ಅಮ್ಮನ ಕಾರು ಮಾರಿ, ಕೀ ಕಿತ್ತುಕೊಂಡು ಹೋಗಿದ್ದ. ಕರೆದೊಯ್ಯಲು ನಾವು ಕೆಲವು ಹೆಂಗಸರು ದಿನ ಹಂಚಿಕೊಂಡೆವು. ಸೋಮವಾರ ನನ್ನದು. ಒಂದು ತಿಂಗಳ ಮಟ್ಟಿಗೆ ಎಂದದ್ದು ವರ್ಷ ದಾಟಿತ್ತು.

ಜನವರಿಯ ಆ ಸೋಮವಾರ ಹಿಮ ಬರುತ್ತದೆಂದು ಎರಡು ದಿನದಿಂದ ಗುಲ್ಲು. ಅಂಗಡಿಯಲ್ಲಿ ಬ್ರೆಡ್ಡು, ಹಾಲು ಖಾಲಿ. ಹಿಮ ಹೆಪ್ಪುಗಟ್ಟದಿರಲೆಂದು ರಸ್ತೆಯ ಮೇಲೆ ಟ್ರಕ್ಕಿನವರು ಸುರಿದುಹೋದ ಉಪ್ಪುನೀರು ಒಣಗಿ, ಉದ್ದಕ್ಕೆ ಎಳೆದ ರಂಗೋಲಿಯ ಎಳೆಯ ಹಾಗೆ ಕಾಣುತ್ತಿತ್ತು. ಶಾಲೆಗೆ ರಜೆ ಘೋಷಿಸಿದ್ದರು. ಹಿಮ ಮಧ್ಯಾಹ್ನದ ಮೇಲೆ ಎಂದು ಎಲ್ಲರೂ ಹೇಳಿದ್ದರು.

ಎಂಟೂವರೆಗೆ ಆಂಟಿಯ ಫೋನು. "ಪುಟ್ಟಾ, ಸೆಂಟರಿಂದ ಕಾಲ್ ಬಂತು ಕಣೆ. ಮಧ್ಯಾಹ್ನ ಒಂದು ಗಂಟೆ ಸ್ಲಾಟ್ ಇವತ್ತು ಇಲ್ವಂತೆ, ಹತ್ತೂವರೆಗೇ ಬನ್ನಿ ಅಂದ್ರು. ಎರಡು ಗಂಟೆಗೆ ಬಾಗ್ಲು ಹಾಕ್ತಾರಂತೆ. ನಾಳೆ ಕ್ಲೋಸು, ಬುಧವಾರ ಡೌಟು."

ನಾನು ಬೆರಳು ಮಡಿಸಿದೆ. ಹಿಂದಿನದು ಶುಕ್ರವಾರ ಆಗಿತ್ತು. ಇಂದು ತಪ್ಪಿದರೆ ಐದು ದಿನವಾದರೂ ಆಗುತ್ತದೆ.

"ಐದು ದಿನ ತಡೆಯುತ್ತಾ ಆಂಟಿ?"

"ಕೆಲವ್ರಿಗೆ ತಡೆಯುತ್ತೆ. ಪೊಟ್ಯಾಸಿಯಂ ಏರಿದ್ರೆ ಹಾರ್ಟು ಹೇಳ್ದೆ ಕೇಳ್ದೆ ನಿಂತ್ಹೋಗುತ್ತೆ," ಎಂದರು, ಹಾಲು ಒಡೆದುಹೋಗುತ್ತೆ ಎನ್ನುವ ದನಿಯಲ್ಲಿ.

ಮಗಳನ್ನು ಪಕ್ಕದ ಮನೆಗೆ ಬಿಟ್ಟೆ. "ಅಮ್ಮಾ, ಇಟ್ಸ್ ಗೋಯಿಂಗ್ ಟು ಸ್ನೋ. ಡೋಂಟ್ ಗೋ," ಎಂದಳು. "ಬೇಗ ಬರ್ತೀನಿ ಬಂಗಾರ" ಎಂದೆ. ಹೆದ್ದಾರಿಗೆ ಬರುವಷ್ಟರಲ್ಲಿ ಗಾಜಿನ ಮೇಲೆ ಸಬ್ಬಕ್ಕಿಯಂಥ ಕಾಳುಗಳು ಉದುರತೊಡಗಿದವು. ಆಂಟಿಯ ಮನೆ ತಲುಪಿದಾಗ ಅವರ ತುಳಸಿ ಕುಂಡದ ಅಂಚು ಬೆಳ್ಳಗಾಗಿತ್ತು. ಆಂಟಿ ಮೂರು ಸ್ವೆಟರ್, ಮೇಲೊಂದು ಶಾಲು ಹೊದ್ದು ಬಾಗಿಲಲ್ಲೇ ಇದ್ದರು. ಮುಖ ಊದಿತ್ತು. ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತಿದ್ದನ್ನು ನೋಡಿದೆ. ಶೂ ಹಿಡಿಸಿರಲಿಲ್ಲವೇನೋ, ಕಾಲುಚೀಲದ ಮೇಲೆ ಚಪ್ಪಲಿ ಹಾಕಿದ್ದರು.

ಬೀದಿಯ ತಿರುವಿನಲ್ಲೇ ಕಾರು ನನ್ನ ಮಾತು ಕೇಳಲಿಲ್ಲ. ನಾನು ಬಲಕ್ಕೆ ತಿರುಗಿಸಿದರೆ ಅದು ನೇರವಾಗಿ ತೇಲಿ, ಆಮೇಲೆ ಮನಸ್ಸು ಬದಲಿಸಿದಂತೆ ಬಲಕ್ಕೆ ಬಂತು. ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ಹಳದಿ ಕಾರಿನ ಚಿತ್ರ, ಅದರ ಹಿಂದೆ ಹಾವಿನಂಥ ಎರಡು ಗೆರೆ, ಚಕ್ರ ಜಾರುತ್ತಿದೆ ಎಂದು ಮಿಣ ಮಿಣ ಅನ್ನುತ್ತಿತ್ತು. ಆಂಟಿ ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ.

ಸೆಂಟರ್ ಇರುವುದು ಒಂದು ಏರಿನ ತುದಿಯಲ್ಲಿ. ಏರಿನ ಬುಡದಲ್ಲಿ ಸಿಗ್ನಲ್ಲು. ಕೆಂಪಿತ್ತು, ನಿಲ್ಲಿಸಿದೆ. ಹಸಿರಾಯಿತು, ಒತ್ತಿದೆ. ಎಂಜಿನ್ ಕೂಗಿತು, ಹಿಂದಿನ ಚಕ್ರಗಳು ಗರ್ರನೆ ತಿರುಗಿದವು, ಕಾರು ಮಾತ್ರ ಅಲ್ಲಾಡದೆ ಬಾಲವನ್ನಷ್ಟೇ ಪಕ್ಕಕ್ಕೆ ಸರಿಸಿತು. ಎದುರಿನ ಏರಿನಲ್ಲಿ ಆಗಲೇ ಎರಡು ಕಾರುಗಳು ಅಡ್ಡಡ್ಡ ನಿಂತಿದ್ದವು, ಒಳಗೆ ಯಾರೂ ಇರಲಿಲ್ಲ. ಇನ್ನೊಮ್ಮೆ ಒತ್ತಿದೆ. ಸುಟ್ಟ ರಬ್ಬರಿನ ವಾಸನೆ. ಆಗ ಆ ಗಡ್ಡದ ಮನುಷ್ಯನ ಮಾತು ಅಕ್ಷರ ಅಕ್ಷರವಾಗಿ ನೆನಪಾಯಿತು.

ಹತ್ತೂ ಮುಕ್ಕಾಲಾಗಿತ್ತು. ಮನೆಯವರಿಗೆ ಫೋನ್ ಮಾಡಿದೆ. "ನಿಧಾನಕ್ಕೆ ಡ್ರೈವ್ ಮಾಡು, ಪ್ಯಾನಿಕ್ ಆಗ್ಬೇಡ. ಮೀಟಿಂಗಲ್ಲಿದೀನಿ ಕಣೆ, ಹತ್ತು ನಿಮಿಷ" ಎಂದರು. ಸ್ಟೀರಿಂಗ್ ಮೇಲೆ ಹಣೆಯಿಟ್ಟು ಕೂತೆ. ಅಳು ಬರಲಿಲ್ಲ. ಇಲ್ಲೇ ಹೀಗೇ ಒಂದು ನಿದ್ದೆ ತೆಗೆದರೆ ಎಷ್ಟು ಚೆನ್ನ ಅನ್ನಿಸಿತು.

"ಆಂಟಿ, ನನ್ನದೇ ತಪ್ಪು. ಟೈರಿನವನು ಅಕ್ಟೋಬರಲ್ಲೇ ಹೇಳಿದ್ದ, ಇದು ಸ್ನೋಗೆ ಆಗಲ್ಲ ಅಂತ. ಮಾರೋಕೆ ಹೇಳ್ತಿದಾನೆ ಅಂದ್ಕೊಂಡು ಬೇಡ ಅಂದ್ಬಿಟ್ಟೆ."

ಆಂಟಿ ಹೊಟ್ಟೆ ಕುಲುಕಿಸಿ ನಕ್ಕರು. "ನನ್ ಪೇಷಂಟ್ಸೂ ಹೀಗೇ ಕಣೆ. ನಾವು ನಿಜ ಹೇಳಿದ್ರೆ ಬಿಲ್ ಜಾಸ್ತಿ ಮಾಡಕ್ಕೆ ಹೇಳ್ತಿದಾರೆ ಅನ್ನೋರು." ಆಮೇಲೆ ದನಿ ತಗ್ಗಿಸಿದರು. "ನಂದೂ ಒಂದಿದೆ. ನಿನ್ನೆ ದೇವಸ್ಥಾನದಿಂದ ಪ್ರಸಾದ ತಂದ್ಕೊಟ್ರು. ಬಾಳೆಹಣ್ಣು. ಪ್ರಸಾದ ಹೆಂಗೆ ಬೇಡ ಅನ್ನೋದು? ತಿಂದೆ."

"ಒಂದಾ?"

"ಎರಡು."

ಬಾಳೆಹಣ್ಣಿನ ತುಂಬ ಪೊಟ್ಯಾಸಿಯಂ; ಅವರಿಗೆ ಅದು ವಿಷಕ್ಕೆ ಸಮ. ಅವರಿಗೆಂದು ಆಲೂಗೆಡ್ಡೆಯನ್ನೂ ಎರಡು ಸಲ ಬೇಯಿಸಿ ನೀರು ಬಸಿದು ಪಲ್ಯ ಮಾಡುತ್ತಿದ್ದವಳು ನಾನು. ಪೊಟ್ಯಾಸಿಯಂ ಅಂದರೇನೆಂದು ನನಗೂ ಗೊತ್ತಿತ್ತು. "ಈಗ ಎದೆ ಹೇಗಿದೆ?" ಎಂದು ಕೇಳಿದೆ.

"ಆಗಾಗ ಒಂದು ಬೀಟ್ ಬಿಟ್ಟು ಹೊಡೀತಿದೆ," ಎಂದರು. ಅವರ ಬೆರಳುಗಳು ಆಗಲೇ ತಮ್ಮ ಮಣಿಕಟ್ಟಿನ ಮೇಲಿದ್ದವು.

ತುರ್ತು ಸಂಖ್ಯೆಗೆ ಕರೆ ಮಾಡಿದೆ. ರಸ್ತೆಗಳ ಮೇಲೆಲ್ಲ ಅಪಘಾತಗಳು, ಆಂಬುಲೆನ್ಸ್ ಬರಲು ಎಷ್ಟು ಹೊತ್ತೋ ಹೇಳಲಾಗದು ಎಂದಳು ಆ ಕಡೆಯ ಹೆಣ್ಣುಮಗಳು. ಸೆಂಟರಿಗೆ ಮಾಡಿದೆ. ಬನ್ನಿ, ಆದರೆ ಎರಡಕ್ಕೆ ಯಂತ್ರ ನಿಲ್ಲಿಸಲೇಬೇಕು, ತಡವಾದಷ್ಟೂ ಅವರ ಸಮಯವೇ ಕಡಿಮೆ ಎಂದರು. ಸೆಂಟರಿನ ಬೋರ್ಡು ಕಣ್ಣಿಗೆ ಕಾಣುತ್ತಿತ್ತು. ಆಂಟಿಯ ಆ ಪಾದಗಳಲ್ಲಿ ನಡೆಯುವ ಮಾತಿರಲಿಲ್ಲ.

"ಡಿಕ್ಕೀಲಿ ಏನಿದೆ?" ಎಂದರು ಆಂಟಿ. "ಬಫೆಲೋಲಿ ನಾವು ಚಕ್ರದಡಿ ಸುರಿಯಕ್ಕೆ ಬೆಕ್ಕಿನ ಲಿಟರ್, ಅದೇ ಬೆಕ್ಕಿನ ಕಕ್ಕಸಿನ ಮರಳು, ಇಟ್ಕೊಂಡಿರ್ತಿದ್ವಿ. ಒಂದು ಬೆಕ್ಕೂ ಇರ್ಲಿಲ್ಲ."

ಡಿಕ್ಕಿಯಲ್ಲಿ ಇದ್ದದ್ದು ಬಾಸ್ಮತಿ ಅಕ್ಕಿಯ ಎರಡು ಖಾಲಿ ಗೋಣಿ ಚೀಲ. ಜಿಪ್ಪು, ಹಿಡಿಕೆ ಇರುವಂಥವು. ನಮ್ಮವರ ಯಾವ ಮನೆಯಲ್ಲೂ ಇವನ್ನು ಎಸೆಯುವುದಿಲ್ಲ. ದೇವಸ್ಥಾನಕ್ಕೆ ಪಾತ್ರೆ ಸಾಗಿಸಲು ನಾನು ಇಟ್ಟುಕೊಂಡಿದ್ದೆ.

"ತಗೋ ಅದನ್ನ. ಹಿಂದಿನ ಚಕ್ರಗಳ ಮುಂದೆ ಸಿಗ್ಸು. ಕೀ ನಂಗೆ ಕೊಡು."

"ಆಂಟಿ, ನೀವಾ?"

"ಲೈಸೆನ್ಸ್ ಇನ್ನೂ ಇದೆ, ಕಾರಿಲ್ಲ ಅಷ್ಟೆ. ನೀನು ಕಾಲು ಊರಿ ಒತ್ತುತೀಯ. ಸ್ನೋಲಿ ಹಂಗೆ ಒತ್ತಬಾರ್ದು. ಮಗೂನ ತಟ್ಟಿದ ಹಾಗೆ ಒತ್ಬೇಕು. ನನ್ ಮಗನಿಗೆ ಮಾತ್ರ ಹೇಳ್ಬೇಡ."

ಕಾರು ಹಿಡಿದುಕೊಂಡೇ ಸುತ್ತು ಬಂದು, ಆಂಟಿ ಡ್ರೈವರ್ ಸೀಟಿನಲ್ಲಿ ಕೂತರು. ಸೀಟನ್ನು ಮುಂದಕ್ಕೆ ಎಳೆದುಕೊಂಡರು, ಕನ್ನಡಿ ಸರಿ ಮಾಡಿಕೊಂಡರು, ಗೇರು ಎರಡಕ್ಕೆ ಹಾಕಿದರು. ನಾನು ಮಂಡಿಯೂರಿ ಚೀಲಗಳನ್ನು ಚಕ್ರದಡಿ ತುರುಕಿ, ಪಕ್ಕಕ್ಕೆ ಸರಿದು, "ಹೂಂ" ಎಂದೆ. ಎಂಜಿನ್ ಕೂಗಲೇ ಇಲ್ಲ. ಕಾರು ಮೆಲ್ಲಗೆ ಚೀಲದ ಮೇಲೆ ಹತ್ತಿ, ಹತ್ತು ಹೆಜ್ಜೆ ಮುಂದೆ ಹೋಗಿ ನಿಂತಿತು. ಚೀಲಗಳು ನನ್ನ ಕಾಲ ಬಳಿ ಬಂದು ಬಿದ್ದವು. ಎತ್ತಿಕೊಂಡು ಓಡಿದೆ. ಮತ್ತೆ ಮಂಡಿ, ಮತ್ತೆ ಚೀಲ, ಮತ್ತೆ "ಹೂಂ". ಕಿಟಕಿ ಇಳಿಸಿ ಆಂಟಿ, "ಎಡಗಡೇದು ಸೊಟ್ಟಗಿದೆ ನೋಡು" ಎಂದು ಆಪರೇಷನ್ ಥಿಯೇಟರಿನ ದನಿಯಲ್ಲಿ ಹೇಳುತ್ತಿದ್ದರು.

ಎಷ್ಟು ಸಲ ಹಾಗೆ ಮಾಡಿದೆನೋ ಲೆಕ್ಕ ಇಡಲಿಲ್ಲ. ಮೊದಲು ಬೆರಳು ಉರಿದವು, ಆಮೇಲೆ ಏನೂ ಅನ್ನಿಸಲಿಲ್ಲ. ಸಲ್ವಾರಿನ ಮಂಡಿ ತೊಯ್ದು ತೊಗಟೆಯಂತೆ ಗಟ್ಟಿಯಾಯಿತು. ಚೀಲದ ಮೇಲಿದ್ದ ಅರಮನೆಯ ಚಿತ್ರ ಕೆಸರಿನಲ್ಲಿ ಮುಚ್ಚಿಹೋಯಿತು. ಪಿಕಪ್ ಟ್ರಕ್ಕಿನವನೊಬ್ಬ ಪಕ್ಕದಲ್ಲಿ ನಿಧಾನ ಮಾಡಿ, ಸ್ಟೀರಿಂಗ್ ಹಿಡಿದ ನರೆಗೂದಲಿನ ಹೆಂಗಸನ್ನೂ ಚೀಲ ಹಿಡಿದ ನನ್ನನ್ನೂ ನೋಡಿ, ಏನು ಹೇಳುವುದೋ ತಿಳಿಯದೆ, ಹೆಬ್ಬೆರಳು ಎತ್ತಿ ತೋರಿಸಿ ಹೋದ. ಅರ್ಧ ಏರಿನಲ್ಲಿ ಒಮ್ಮೆ ಕಾರು ಮುಂದಕ್ಕೆ ಹೋಗಲೇ ಇಲ್ಲ. ಓಡಿಹೋಗಿ ನೋಡಿದರೆ ಆಂಟಿ ಕಣ್ಣು ಮುಚ್ಚಿ, ಬೆರಳನ್ನು ಮಣಿಕಟ್ಟಿಗೆ ಒತ್ತಿಕೊಂಡು ಕೂತಿದ್ದರು. ಗಾಜು ತಟ್ಟಿದೆ.

"ಆಂಟಿ?"

"ಇದೀನಿ ಇದೀನಿ. ಎಣಿಸ್ತಿದ್ದೆ. ಚೀಲ ಹಾಕು."

ತಲುಪಿದಾಗ ಹನ್ನೊಂದೂವರೆ. ಒಳಗಿನ ನರ್ಸು ಆಂಟಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಳ್ಳುತ್ತ ನನ್ನ ಮಂಡಿ ನೋಡಿದಳು. ಸೂಜಿ ಚುಚ್ಚಿ, ಯಂತ್ರ ತಿರುಗತೊಡಗಿದ ಮೇಲೆ ಹೊರಗೆ ಬಂದು ಹೇಳಿದಳು: ಪೊಟ್ಯಾಸಿಯಂ ತುಂಬ ಮೇಲಿತ್ತು, ನಾಳೆಯವರೆಗೆ ಕಾಯುವಂತಿರಲಿಲ್ಲ. ನಾಲ್ಕು ಗಂಟೆಯ ಬದಲು ಎರಡೂಕಾಲು ಗಂಟೆ ಸಿಗುತ್ತದೆ, ಸದ್ಯಕ್ಕೆ ಸಾಕು.

ಶೌಚಾಲಯದ ಡ್ರೈಯರಿನ ಕೆಳಗೆ ಕಾಲುಚೀಲ ಹಿಡಿದು ನಿಂತಿದ್ದಾಗ ಮನೆಯವರ ಫೋನು. ಎಲ್ಲ ಹೇಳಿದೆ. "ಕಾರಿಗೇನೂ ಆಗ್ಲಿಲ್ಲ ತಾನೆ?" ಎಂದರು. ಕಾಲುಚೀಲ ಮಗುಚಿ ಹಿಡಿದೆ. ಡ್ರೈಯರ್ ತಾನಾಗಿ ನಿಂತಿತು. ಆಮೇಲೆ ಅವರೇ, "ಬೇಡ ಅನ್ನು ಅಂತ ನಾನೇ ಹೇಳಿದ್ದಲ್ವಾ," ಎಂದರು. "ಹೌದು ರೀ," ಎಂದೆ.

ಎರಡಕ್ಕೆ ಬಾಗಿಲು ಹಾಕಿದ ಮೇಲೆ ಸೆಂಟರಿನವರೊಬ್ಬರು ತಮ್ಮ ದೊಡ್ಡ ಗಾಡಿಯಲ್ಲಿ ನಮ್ಮಿಬ್ಬರನ್ನೂ ಆಂಟಿಯ ಮನೆಗೆ ಬಿಟ್ಟರು. ಎರಡು ರಾತ್ರಿ ಅಲ್ಲೇ ಉಳಿದೆ. ಮಗಳು ಪಕ್ಕದ ಮನೆಯಲ್ಲಿ ಖುಷಿಯಾಗಿದ್ದಳು; ನನ್ನನ್ನು ಕೇಳಲೂ ಇಲ್ಲವಂತೆ. ಬುಧವಾರ ಬಿಸಿಲು ಬಂತು, ಸೆಂಟರ್ ತೆರೆಯಿತು, ಬುಧವಾರದ ಸರದಿಯ ಹೆಂಗಸು ಬಂದು ಆಂಟಿಯನ್ನೂ ನನ್ನನ್ನೂ ಕರೆದೊಯ್ದಳು. ಅಲ್ಲೇ ಬಿಟ್ಟಿದ್ದ ಕೆಂಪು ಕಾರನ್ನು ನೇರ ಗಡ್ಡದ ಮನುಷ್ಯನ ಅಂಗಡಿಗೆ ಒಯ್ದೆ. ಆತನಿಗೆ ನನ್ನ ನೆನಪಿರಲಿಲ್ಲ. ನಾಲ್ಕೂ ಟೈರು ಬದಲಿಸಿ, ವೈಪರುಗಳೂ ಹೋಗಿವೆ ಎಂದ. ನಾಲಗೆಯ ತುದಿಗೆ ಬಂದ "ನೋ, ಥ್ಯಾಂಕ್ ಯೂ" ನುಂಗಿಕೊಂಡು, ಎಲ್ಲಿ ತೋರಿಸಿ ಎಂದೆ. ನಿಜವಾಗಿಯೂ ಹರಿದಿದ್ದವು.

ಮುಂದಿನ ಸೋಮವಾರ ಆಂಟಿ ಶೂ ಹಾಕಿಕೊಂಡು ನಿಂತಿದ್ದರು. ಹೊಸ ಟೈರನ್ನು ಶೂ ತುದಿಯಿಂದ ಒತ್ತಿ ನೋಡಿ, ಕಾರು ಹತ್ತಿ, ಕೈಚೀಲದಿಂದ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು. ಒಳಗೆ ಎರಡು ಬಾಳೆಹಣ್ಣು, ಸಿಪ್ಪೆಯ ಮೇಲೆ ಕುಂಕುಮ ಹತ್ತಿತ್ತು.

"ನಿನ್ನೇನೂ ತಂದ್ಕೊಟ್ರು. ಬೇಡ ಅನ್ನಕ್ಕೆ ನಂಗೆ ಬರಲ್ಲ ಕಣೆ. ಇನ್ಮೇಲೆ ನೀನೇ ತಿಂದ್ಬಿಡು."

ಅವರನ್ನು ಒಳಗೆ ಕಳಿಸಿ, ಕಾರಿನಲ್ಲೇ ಕೂತು ಎರಡನ್ನೂ ತಿಂದೆ. ಸಿಪ್ಪೆಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಸೀಟು ಹಿಂದಕ್ಕೆ ಬಾಗಿಸಿ, ಪೂರಾ ನಾಲ್ಕು ಗಂಟೆ ನಿದ್ದೆ ಮಾಡಿದೆ.