ಹುರುಳಿಯ ಮೇಲೆ ಹತ್ತಿಸಿದ ಕಾರು

ಸೊಕ್ಕೆ ಊರು ದಾಟಿದ ಮೇಲೆ ರಸ್ತೆ ತುಂಬ ಹುರುಳಿ ಗಿಡ ಹರವಿದ್ದರು. ಬೆಳೆ ತುಳಿಯಬಾರದೆಂಬ ಮರ್ಯಾದೆಯಿಂದ ಕಾರನ್ನು ಪಕ್ಕದ ಮಣ್ಣಿಗಿಳಿಸಿದೆ. ಹೆಂಗಸೊಬ್ಬಳು ಮೊರ ಹಿಡಿದೇ ಅಡ್ಡ ಬಂದಳು.

“ಯಾಕ್ರೀ ಯಕ್ಕಾ, ನಮ್ಮ ಹುರುಳಿ ಕಂಡ್ರೆ ಆಗಲ್ವಾ? ಗಾಡಿ ಹತ್ತಲಿ, ಕಾಳು ಉದುರಲಿ ಅಂತಾನೇ ಹಾಕೀವಿ. ಮೋಡ ಬೇರೆ ಆಗೈತೆ, ನೆನೆದ್ರೆ ಎಲ್ಲಾ ಹೋಯ್ತು.”

ಜಗಳೂರಿನ ಕಾಲೇಜಿನಲ್ಲಿ ನನ್ನ ಭಾಷಣಕ್ಕೆ ಆಗಲೇ ಹೊತ್ತಾಗಿತ್ತು. ಆದರೂ ಕಕ್ಕಾಬಿಕ್ಕಿಯಾಗಿ ಹುರುಳಿಯ ಮೇಲೆ ಕಾರನ್ನು ಹಿಂದೆ ಮುಂದೆ ಓಡಿಸತೊಡಗಿದೆ. ಅವಳು ಕಿಟಕಿಯ ಪಕ್ಕದಲ್ಲೇ ನಡೆಯುತ್ತ ನನ್ನ ಕೆಲಸವೇನೆಂದು ಕೇಳಿದಳು.

“ಹೆಚ್ಚುಕಮ್ಮಿ ಇದೇ,” ಅಂದೆ. “ಪರಮಾಣುಗಳನ್ನ ಜೋರಾಗಿ ಓಡಿಸಿ ತಗಡಿಗೆ ಹೊಡೀತೀವಿ. ಒಡೆದ ಚೂರಲ್ಲಿ ವಿಕಿರಣ ಸೂಸೋ, ನಮಗೆ ಬೇಕಾದ ಚೂರುಗಳನ್ನ ಅಯಸ್ಕಾಂತ ಹಿಡಿದು ಆರಿಸ್ತೀವಿ.”

“ಆರಿಸಿ ಕೂಡಿಡ್ತೀರಾ?”

“ಇಲ್ಲ, ಅವು ಕಣ್ಣು ಮಿಟುಕಿಸೋದ್ರೊಳಗೆ ಇಲ್ಲವಾಗ್ತವೆ. ಅಷ್ಟರಲ್ಲಿ ಅವನ್ನೇ ಇನ್ನೊಂದು ತಗಡಿಗೆ ಹೊಡೀತೀವಿ.”

“ಅಯ್ಯೋ ನಮ್ಮವ್ವ!” ಎಂದು ಮರುಕದಿಂದ ನೋಡಿದಳು. “ಹಂಗಾರೆ ಇನ್ನೊಂದು ಸಲ ಹತ್ತಿಸ್ರಿ. ಇದಾದ್ರೂ ಉಳೀತೈತೆ.”

ಹನಿ ಬೀಳುವ ಮೊದಲು ಕಾಳು ಗೋಣಿ ಸೇರಿತು. ನಾನು ಕಾಲೇಜು ತಲುಪುವಷ್ಟರಲ್ಲಿ ಸಭೆ ಮುಗಿದಿತ್ತು. ಪರಮಾಣು ಓಡಿಸುವ ನಮ್ಮ ಯಂತ್ರದಲ್ಲಿ ಒಂದು ಪಾಳಿ ಸಿಗಲು ದೇಶದೇಶದವರು ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆ. ನನ್ನ ಕಾರಿಗೆ ಅವಳು ಮೊರ ಅಡ್ಡ ಹಿಡಿದಿದ್ದಳು, ಅಷ್ಟೇ.