ಬಾಲ ಕಂಡವಳು

ಸಾಲ್ಟ್‌ಹೋಮ್ ಊರಿನಲ್ಲಿ ಯಾರು ಯಾರ ಮಾತನ್ನು ಬೇಕಾದರೂ ತಳ್ಳಿಹಾಕಬಹುದು. ಪಾದ್ರಿ ಹೇಳಿದ್ದಕ್ಕೆ ಮೂಗು ಮುರಿಯುವವರಿದ್ದಾರೆ. ಹವಾಮಾನದ ವರದಿಯನ್ನಂತೂ ನಾಯಿಯೂ ನಂಬುವುದಿಲ್ಲ. ಆದರೆ ಹಕ್ಕಿ ನೋಡುವುದೇ ಹುಚ್ಚಾಗಿರುವ ಈ ಊರಿನಲ್ಲಿ ಒಬ್ಬರು ಇಂಥ ಹಕ್ಕಿ ಕಂಡೆ ಎಂದರೆ ನಂಬಬೇಕು. ಹಕ್ಕಿ ಹಾರಿಹೋಗಿರುತ್ತದೆ, ಉಳಿದಿರುವುದು ಕಂಡವರ ಮಾತೊಂದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆ ಈ ಜನಕ್ಕೆಂದೇ ಹೇಳಿ ಮಾಡಿಸಿದ್ದು.

ಈನಿಡ್ ಥರ್ಲೋಳ ಮುತ್ತು ಒಡೆದು ಇಪ್ಪತ್ತು ವರ್ಷವಾಗಿತ್ತು.

ಅವಳು ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ, ಕಡಲ ನೀರು ತಡೆಯುವ ಏರಿಯ ಪಕ್ಕದಲ್ಲಿದ್ದ ಅತ್ತೆಯ ಕಾಲದ ಪುಟ್ಟ ಕಾಟೇಜನ್ನು ಹಕ್ಕಿ ನೋಡಲು ಬರುವವರಿಗೆ ವಾರವಾರ ಬಾಡಿಗೆಗೆ ಕೊಡುತ್ತಿದ್ದಳು. ಶನಿವಾರ ಬೆಳಿಗ್ಗೆ ಒಬ್ಬರು ಹೋದರೆ ಸಂಜೆಗೆ ಇನ್ನೊಬ್ಬರು. ನಡುವೆ ಹಾಸಿಗೆಯ ಬಟ್ಟೆ ಬದಲಿಸಬೇಕು, ಹೊಸಿಲಿನ ಕೆಸರು ತೊಳೆಯಬೇಕು, ಬರುವವರಿಗೆಂದು ನಿಂಬೆಹಣ್ಣಿನ ಕೇಕೊಂದನ್ನು ಮೇಜಿನ ಮೇಲಿಡಬೇಕು. ಇಷ್ಟು ಮಾಡುವಾಗಲೂ ಕುತ್ತಿಗೆಯಲ್ಲಿ ಗಂಡನ ಹಳೆಯ ದುರ್ಬೀನು ತೂಗುತ್ತಲೇ ಇರುತ್ತಿತ್ತು. ಕಂಡದ್ದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಆಗಿದ್ದು ಇಷ್ಟೆ. ಪ್ರತಿ ಶರತ್ಕಾಲದಲ್ಲಿ ಈ ದಾರಿಯಾಗಿ ವೀಟಿಯರ್ ಎಂಬ ಹಕ್ಕಿ ದಕ್ಷಿಣಕ್ಕೆ ಹೋಗುತ್ತದೆ, ಗಾತ್ರದಲ್ಲಿ ಗುಬ್ಬಿಗಿಂತ ತುಸು ದೊಡ್ಡದು. ಅದಕ್ಕೆ ಏಷ್ಯಾದ ಬಯಲಿನಲ್ಲಿ ಒಬ್ಬ ದಾಯಾದಿ ಇದ್ದಾನೆ. ಎಷ್ಟೋ ವರ್ಷಕ್ಕೊಮ್ಮೆ ದಾರಿ ತಪ್ಪಿ ಇಲ್ಲಿಗೆ ಬಂದರೆ ಅರ್ಧ ದೇಶವೇ ಕಾರು ಹತ್ತುತ್ತದೆ. ಕೂತಾಗ ಇಬ್ಬರಿಗೂ ವ್ಯತ್ಯಾಸ ಹೇಳುವುದು ಕಷ್ಟ. ಹಾರಿದಾಗ ಬಾಲ ನೋಡಬೇಕು: ಊರಿನದಕ್ಕೆ ತುದಿಯಲ್ಲಿ ಸಣ್ಣ ಕಪ್ಪು ಅಂಚು, ದಾಯಾದಿಗೆ ಸೀರೆಯ ದೊಡ್ಡ ಅಂಚಿನ ಹಾಗೆ ಅರ್ಧ ಬಾಲವೇ ಕಪ್ಪು. ಇಪ್ಪತ್ತು ವರ್ಷದ ಹಿಂದೆ ಏರಿಯ ಮೇಲೆ ದಾಯಾದಿಯನ್ನು ಕಂಡೆನೆಂದು ಈನಿಡ್ ಓಡಿಬಂದಿದ್ದಳು. ಊರಿನ ಹಕ್ಕಿಗಳಿಗೆಲ್ಲ ತಾನೇ ಯಜಮಾನನೆಂಬಂತೆ ಇದ್ದ ಡೆಸ್ಮಂಡ್ ಪಾಸ್ಕ್ ಒಂದೇ ಪ್ರಶ್ನೆ ಕೇಳಿದ್ದ: “ಬಾಲ ನೋಡಿದ್ಯಾ?”

ಹಕ್ಕಿ ಏರಿಯ ಆಚೆ ಧುಮುಕಿತ್ತು. ಅವಳು ಬಾಲ ನೋಡಿರಲಿಲ್ಲ. ಸುತ್ತ ನಿಂತವರ ಮುಂದೆ ಇಲ್ಲ ಎನ್ನಲು ಬಾಯಿ ಬರಲಿಲ್ಲ, ಹೂಂ ಅಂದುಬಿಟ್ಟಳು. ಅಂಚು ಎಷ್ಟಿತ್ತು, ಹೇಗಿತ್ತು ಎಂದು ಅವನು ಕೆದಕಿದಂತೆ ತಡವರಿಸಿದಳು. ಅಂದಿನಿಂದ ಅವಳು ಬುರುಡೆ ಈನಿಡ್. ಹಕ್ಕಿ ನೋಡುವ ಮರದ ಗುಡಿಸಲಿಗೆ ಹೋದರೆ, ಇವತ್ತು ಪೆಂಗ್ವಿನ್ ಬಂದಿತ್ತಾ ಎಂದು ಯಾರಾದರೂ ಕೇಳುತ್ತಿದ್ದರು. ಕ್ರಮೇಣ ಅವಳು ಅಲ್ಲಿಗೆ ಹೋಗುವುದನ್ನೇ ಬಿಟ್ಟಳು.

ಕಳೆದ ಅಕ್ಟೋಬರಿನಲ್ಲಿ ಕಾಟೇಜಿಗೆ ಲೀಡ್ಸ್‌ನಿಂದ ಟ್ಯಾಮ್ಸಿನ್ ಎಂಬ ದಂತವೈದ್ಯೆ ಬಂದಿದ್ದಳು. ಹಕ್ಕಿ ನೋಡುವುದು ಅವಳಿಗೆ ಹೊಸದು, ಕಾಗೆ ಕಂಡರೂ ಸಂಭ್ರಮ. ಮೂಡಣ ಗಾಳಿಯ ಒಂದು ಮಬ್ಬು ಬೆಳಿಗ್ಗೆ ಈನಿಡ್ ಒಗೆದ ಟವೆಲುಗಳನ್ನು ತಂದಾಗ, ಕಾಟೇಜಿನ ಮುಂದಿನ ಕಲ್ಲುಗೋಡೆಯ ಮೇಲೆ ಒಂದು ಹಕ್ಕಿ ನೆಟ್ಟಗೆ ನಿಂತಿತ್ತು. ಮೈಯೆಲ್ಲ ಮರಳಿನ ಬಣ್ಣ, ಕಾಲು ಉದ್ದ. ಈನಿಡ್‌ಳ ಕಣ್ಣಿಗೆ ಅದು ದಾಯಾದಿಯ ಹಾಗೆಯೇ ಕಂಡಿತು.

ಅವಳ ಮುಖ ನೋಡಿಯೇ ಟ್ಯಾಮ್ಸಿನ್‌ಗೆ ಗೊತ್ತಾಯಿತು. “ಇದೇನೋ ದೊಡ್ಡದೇ ಇರ್ಬೇಕು. ಎಲ್ರಿಗೂ ಹೇಳಲ್ವಾ ಮಿಸೆಸ್ ಥರ್ಲೋ?”

“ನಾನು ಹೇಳಿದ್ರೆ ಯಾರೂ ನಂಬಲ್ಲ ಕಣಮ್ಮಾ,” ಎಂದಳು ಈನಿಡ್.

ಹಾಗೆಂದವಳು ಗೋಡೆಯ ಕಡೆ ನೋಡುತ್ತಲೇ ನಿಂತಳು. ಸಾಯುವವರೆಗೆ ಬುರುಡೆಯಾಗಿಯೇ ಇರಬೇಕೆ ಎಂಬ ಸಂಕಟ ಮೇಲೆದ್ದು ಬಂತು. ಕೊನೆಗೆ ಅವಳೇ ಡೆಸ್ಮಂಡ್‌ಗೆ ಫೋನ್ ಮಾಡಿದಳು.

ಮೊದಲು ಅವನೊಬ್ಬನೇ ಬಂದ, ನಗುವುದಕ್ಕೆಂದೇ ಬಂದವನ ಹಾಗೆ. ದೂರದರ್ಶಕಕ್ಕೆ ಕಣ್ಣಿಟ್ಟವನು ನಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಓಣಿ ತುಂಬ ಹಕ್ಕಿ ನೋಡುವವರ ಹಸಿರು ಜಾಕೆಟ್ಟುಗಳು. ಬಣ್ಣ ಸರಿಯಿದೆ, ನಿಲುವು ಸರಿಯಿದೆ ಎಂದು ಪಿಸುಮಾತು ಹರಿದಾಡಿತು. ಬರ್ಮಿಂಗ್‌ಹ್ಯಾಮಿನ ಗೆಳೆಯರಿಗೆ ಆಗಲೇ ಸುದ್ದಿ ಮುಟ್ಟಿ ಅವರು ಹೊರಟೂ ಆಗಿತ್ತು. ಒಬ್ಬ ಬಂದು ಈನಿಡ್‌ಳ ಕೈ ಕುಲುಕಿದ. ಅವಳ ಕಣ್ಣು ತುಂಬಿತು. ಟೀ ಮಾಡುವ ನೆಪದಲ್ಲಿ ಒಳಗೆ ಹೋದಳು.

ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು, ಮುಂದಿನಿಂದ ಹೋದರೆ ಹಕ್ಕಿ ಬೆದರೀತೆಂದು ಹಿತ್ತಲ ಬಾಗಿಲಿನಿಂದ ಹೊರಬಂದಾಗಲೇ ಹಕ್ಕಿ ಗೋಡೆಯಿಂದ ಎದ್ದಿತು. ಓಣಿಯವರಿಗೆ ಅದು ಸೂರಿನ ಹಿಂದೆ ಮಾಯವಾದದ್ದಷ್ಟೇ ಕಂಡಿತು. ಈನಿಡ್‌ಳ ತಲೆಯ ಮೇಲೆ ಅದು ಬಾಲ ಬಿಚ್ಚಿ ತಿರುಗಿ, ಏರಿ ದಾಟಿ, ಮಬ್ಬಿನಲ್ಲಿ ಕರಗಿತು.

ಸಣ್ಣ ಅಂಚು. ಊರಿನ ವೀಟಿಯರ್.

ಎಲ್ಲರೂ ಹಿತ್ತಲಿಗೆ ನುಗ್ಗಿದರು. ಏರಿ ಹತ್ತಿ ಹುಡುಕಿದರೂ ಹಕ್ಕಿ ಸಿಗಲಿಲ್ಲ. ಡೆಸ್ಮಂಡ್ ಏದುಸಿರು ಬಿಡುತ್ತ ಅವಳ ಮುಂದೆ ಬಂದು ನಿಂತ. ಅವನ ದನಿಯಲ್ಲಿ ಹಳೆಯ ಕೊಂಕು ಇರಲಿಲ್ಲ.

“ಬಾಲ ನೋಡಿದ್ಯಾ, ಈನಿಡ್?”

ಅರ್ಧ ಕಪ್ಪು ಎಂದರೆ ಸಾಕಿತ್ತು. ಇವತ್ತು ಎಲ್ಲರೂ ನಂಬುತ್ತಿದ್ದರು. ಇಪ್ಪತ್ತು ವರ್ಷದ ಹಿಂದಿನ ಹಕ್ಕಿಯನ್ನೂ ಸೇರಿಸಿ ನಂಬುತ್ತಿದ್ದರು. ಇಲ್ಲವೆನ್ನಲು ಸಾಕ್ಷಿ ಯಾರಿದ್ದರು? ಈನಿಡ್‌ಳ ಕಣ್ಣು ಒಮ್ಮೆ ಏರಿಯ ಕಡೆ ಹೋಯಿತು. ತಟ್ಟೆಯನ್ನು ಹೊಸಿಲ ಮೇಲಿಟ್ಟಳು.

“ನೋಡ್ದೆ. ಸಣ್ಣ ಅಂಚು. ನಮ್ಮ ಊರಿಂದೇ. ತಪ್ಪು ನಂದು, ಸುಮ್ನೆ ಎಲ್ರನ್ನೂ ಓಡಿಸ್ಬಿಟ್ಟೆ.” ಉಸಿರು ಎಳೆದುಕೊಂಡು ಮುಂದುವರಿಸಿದಳು. “ಇನ್ನೊಂದು ಮಾತು ಡೆಸ್ಮಂಡ್. ಆವತ್ತು ನಾನು ಬಾಲ ನೋಡಿರ್ಲಿಲ್ಲ. ನೋಡ್ದೆ ಅಂದಿದ್ದು ಸುಳ್ಳು.”

ಒಬ್ಬ ಗೊಣಗುತ್ತ ಬರ್ಮಿಂಗ್‌ಹ್ಯಾಮಿನವರಿಗೆ ವಾಪಸು ಹೋಗಿ ಎಂದು ಫೋನ್ ಮಾಡಿದ. ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಡೆಸ್ಮಂಡ್ ತಣ್ಣಗಾದ ಟೀ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದ. ಇದ್ದಬದ್ದ ಮಾನವೂ ಹೋಯಿತು ಅಂದುಕೊಂಡಳು ಈನಿಡ್. ಆದರೂ ಎದೆ ಹಗುರಾಗಿತ್ತು, ಯಾಕೆಂದು ಅವಳಿಗೇ ತಿಳಿಯಲಿಲ್ಲ. ಟ್ಯಾಮ್ಸಿನ್ ಪಕ್ಕದಲ್ಲಿ ಕೂತು ಉಳಿದ ಕೇಕನ್ನು ಇಬ್ಬರಿಗೂ ಕತ್ತರಿಸಿದಳು.

ಶನಿವಾರ ಟ್ಯಾಮ್ಸಿನ್ ಹೊರಟುಹೋದಳು, ಮುಂದಿನ ವರ್ಷಕ್ಕೂ ಅದೇ ವಾರ ತನಗೇ ಬೇಕೆಂದು ಹೇಳಿ. ಈನಿಡ್ ದಿಂಬನ್ನು ಹೊಸ ಚೀಲಕ್ಕೆ ತುರುಕುತ್ತಿದ್ದಾಗ ಫೋನ್ ಬಂತು. ಡೆಸ್ಮಂಡ್.

“ಗುಡಿಸಲ ಹತ್ರ ಒಂದು ವೀಟಿಯರ್ ಕೂತಿದೆ. ನಾವು ಐದು ಜನ ಇದೀವಿ, ಐದು ಥರ ಹೇಳ್ತಿದೀವಿ. ನೀನು ಬಂದು ನೋಡು. ನೀನು ಏನಂತೀಯೋ ಅದನ್ನೇ ಎಲ್ರಿಗೂ ಹೇಳ್ತೀನಿ.”

“ನಾನಾ?”

“ಕಂಡಿಲ್ಲದ್ದನ್ನ ಕಂಡಿಲ್ಲ ಅನ್ನೋರು ಬೇಕಾಗಿದಾರೆ. ಬೇಗ ಬಾ.”

ದಿಂಬು ಅರ್ಧ ಚೀಲದಲ್ಲೇ ಉಳಿಯಿತು. ಏಪ್ರನ್ನು ಬಿಚ್ಚುವುದನ್ನೂ ಮರೆತು ಅವಳು ಏರಿಯ ಮೇಲೆ ಓಡಿದಳು. ಗುಡಿಸಲಿನಲ್ಲಿ ಕಿಟಕಿಯ ಪಕ್ಕದ ಜಾಗ ಬಿಟ್ಟು ಉಳಿದವರು ಸರಿದು ಕೂತಿದ್ದರು.

ಆ ಹಕ್ಕಿಯೂ ಮಾಮೂಲಿ ವೀಟಿಯರ್ರೇ. ಯಾರು ಹೇಳಿದ್ದು ಎಂದು ಊರಿನಲ್ಲಿ ಕೇಳಿದರೆ, ಈನಿಡ್ ಹೇಳಿದ್ದಾಳೆ ಅನ್ನುತ್ತಾರೆ. ಅದರ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ.